ಮುಟ್ಟದೆ ಬಿರಿದ ಬಿಂದಿಗೆ

ಶಾಲೆಗಳಿಗೆ ಹೋಗುವಾಗ ನನ್ನ ಚೀಲದಲ್ಲಿ ಎರಡು ಹಿತ್ತಾಳೆ ಪಟ್ಟಿಗಳು ಯಾವಾಗಲೂ ಇರುತ್ತವೆ. ಎರಡೂ ಒಂದೇ ತಗಡಿನಿಂದ ಕತ್ತರಿಸಿದವು. ಉದ್ದ, ಅಗಲ, ಬಣ್ಣ ಎಲ್ಲ ಒಂದೇ. ಒಂದನ್ನು ಪುಟ್ಟ ಮಗುವೂ ಬೆರಳಿನಿಂದ ಬಗ್ಗಿಸಬಲ್ಲದು. ಇನ್ನೊಂದನ್ನು ಬಗ್ಗಿಸಲು ಹೋದರೆ ಸ್ಪ್ರಿಂಗಿನಂತೆ ಪುಟಿದು ಮತ್ತೆ ನೆಟ್ಟಗಾಗುತ್ತದೆ. "ಏಕೆ ಹೀಗೆ?" ಎಂದು ಏಳನೆಯ ತರಗತಿಯವರನ್ನು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ಗಟ್ಟಿ ಇರೋದರಲ್ಲಿ ಬೇರೆ ಏನೋ ಬೆರೆಸಿದ್ದಾರೆ ಮೇಡಂ."

ಈ ಉತ್ತರದಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತಾಮ್ರಕ್ಕೆ ಸತು ಬೆರೆಸಿದರೆ ಹಿತ್ತಾಳೆ, ತವರ ಬೆರೆಸಿದರೆ ಕಂಚು ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಬೆರೆಸಿದ ಮೇಲೆ ಅದನ್ನು ಏನು ಮಾಡಿದರು ಎಂಬ ಪ್ರಶ್ನೆಗೆ ಅಲ್ಲಿ ಜಾಗ ಸಿಗುವುದಿಲ್ಲ. ಒಂದೇ ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿದರೆ ಕಡುಬು, ತಟ್ಟಿ ಸುಟ್ಟರೆ ರೊಟ್ಟಿ. ಹಿಟ್ಟು ಅದೇ, ನೀರು ಅದೇ, ಉಪ್ಪು ಅದೇ. ಲೋಹದಲ್ಲೂ ಹಾಗೆಯೇ. ನನ್ನ ಎರಡು ಪಟ್ಟಿಗಳಲ್ಲಿ ಒಂದನ್ನು ಸುತ್ತಿಗೆಯಿಂದ ಬಡಿದು ಹಾಗೆಯೇ ಬಿಟ್ಟಿದೆ. ಇನ್ನೊಂದನ್ನು ಬಡಿದ ಮೇಲೆ ಕೆಂಪಗೆ ಕಾಯಿಸಿ ತಣಿಸಿದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ಒಳಗೆ ಏನು ಬದಲಾಯಿತು? ಅದನ್ನು ನೋಡಲು ಹಿತ್ತಾಳೆಯ ಒಳಗೆ ಇಣುಕಬೇಕು.

ಮಕ್ಕಳೇ, ಸಕ್ಕರೆಗೆ ಹರಳು ಇರುವುದು ನಿಮಗೆ ಗೊತ್ತು. ಉಪ್ಪಿಗೂ ಇದೆ. ಆದರೆ ಲೋಹವೂ ಹರಳುಗಳಿಂದಲೇ ಆಗಿದೆ ಎಂದರೆ ನಂಬುವುದು ಕಷ್ಟ. ಹಳೆಯ ಸತು ಲೇಪದ ಕಬ್ಬಿಣದ ಬಕೆಟ್ಟನ್ನು ಬಿಸಿಲಿನಲ್ಲಿ ಹಿಡಿದು ನೋಡಿ. ಮೇಲೆ ಹೂವಿನಂಥ, ಎಲೆಯಂಥ ಚಿತ್ತಾರ ಕಾಣುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿದರೆ ಕೆಲವು ಎಲೆಗಳು ಹೊಳೆಯುತ್ತವೆ, ಇನ್ನೊಂದು ಮಗ್ಗುಲಿಗೆ ತಿರುಗಿಸಿದರೆ ಬೇರೆಯವು ಹೊಳೆಯುತ್ತವೆ. ಆ ಒಂದೊಂದು ಎಲೆಯೂ ಸತುವಿನ ಒಂದೊಂದು ಹರಳು. ಹಳೆಯ ಕಟ್ಟಡಗಳಲ್ಲಿ ನೂರಾರು ಜನ ಹಿಡಿದು ಸವೆದ ಎರಕದ ಹಿತ್ತಾಳೆ ಹಿಡಿಗಳ ಮೇಲೂ ಇಂಥ ಹರಳುಗಳು ಒಮ್ಮೊಮ್ಮೆ ಬರಿಗಣ್ಣಿಗೆ ಕಾಣುತ್ತವೆ. ಕೈಬೆವರು ಅವುಗಳನ್ನು ನಿಧಾನವಾಗಿ ಕೊರೆದು ತೋರಿಸಿರುತ್ತದೆ.

ಕರಗಿದ ಹಿತ್ತಾಳೆ ತಣಿಯುವಾಗ ಪರಮಾಣುಗಳು ಸಾಲಾಗಿ ನಿಲ್ಲತೊಡಗುತ್ತವೆ. ಈ ಸಾಲು ಒಂದೇ ಕಡೆ ಶುರುವಾಗುವುದಿಲ್ಲ. ಹಲವು ಕಡೆ ಒಟ್ಟಿಗೇ ಶುರುವಾಗಿ, ಪ್ರತಿಯೊಂದೂ ಬೆಳೆಯುತ್ತ ಬೆಳೆಯುತ್ತ ಪಕ್ಕದ್ದಕ್ಕೆ ತಾಗಿದಾಗ ನಿಲ್ಲುತ್ತದೆ. ಗದ್ದೆ ಬಯಲನ್ನು ಗುಡ್ಡದ ಮೇಲಿನಿಂದ ನೋಡಿದ್ದೀರಾ? ಒಂದು ಗದ್ದೆಯಲ್ಲಿ ನಾಟಿಯ ಸಾಲು ಉದ್ದಕ್ಕೆ, ಪಕ್ಕದ್ದರಲ್ಲಿ ಅಡ್ಡಕ್ಕೆ, ಅದರಾಚೆಗಿನದರಲ್ಲಿ ಓರೆಗೆ. ನಡುನಡುವೆ ಬದು. ಹಿತ್ತಾಳೆಯ ಒಳಗೂ ಹಾಗೆಯೇ. ಒಂದೊಂದು ಹರಳೂ ಒಂದೊಂದು ಗದ್ದೆ, ಎರಡು ಹರಳು ಸೇರುವ ಗೆರೆಯೇ ಬದು. ಬದುವಿನಲ್ಲಿ ನಿಂತ ಪರಮಾಣುಗಳು ಈ ಸಾಲಿಗೂ ಪೂರ್ತಿ ಸೇರವು, ಆ ಸಾಲಿಗೂ ಸೇರವು. ಈ ಬದುವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಎಂ.ಎಸ್ಸಿ. ಓದುವಾಗ ಮೊದಲ ಸಲ ಇದನ್ನು ಕಣ್ಣಾರೆ ಕಂಡೆ. ಹಿತ್ತಾಳೆ ತುಂಡನ್ನು ನುಣುಪಾದ ಉಜ್ಜುಕಾಗದಗಳಿಂದ ಕನ್ನಡಿಯಾಗುವವರೆಗೆ ತಿಕ್ಕಬೇಕು. ಬೆರಳು ಸೋತು ಹೋಗುವ ಕೆಲಸ ಅದು. ಆಮೇಲೆ ಒಂದು ರಾಸಾಯನಿಕದಲ್ಲಿ ಕ್ಷಣಕಾಲ ಅದ್ದಿ ತೆಗೆಯಬೇಕು. ಆಗ ಬದುಗಳು ಮೊದಲು ಕೊರೆದುಹೋಗುತ್ತವೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗೆರೆ ಗೆರೆಯಾಗಿ ಇಡೀ ಗದ್ದೆ ಬಯಲೇ ತೆರೆದುಕೊಳ್ಳುತ್ತದೆ. ಬಡಿದು ಬಿಟ್ಟ ತುಂಡಿನಲ್ಲಿ ಹರಳುಗಳು ಚಪ್ಪಟೆಯಾಗಿ ಎಳೆದಂತಿದ್ದವು. ಸುತ್ತಿಗೆಯ ಪೆಟ್ಟಿಗೆ ಸಾಲುಗಳು ತಪ್ಪಿ ಒಂದಕ್ಕೊಂದು ಸಿಕ್ಕುಗಟ್ಟುತ್ತವೆ. ಸಿಕ್ಕಾದ ದಾರ ಹೇಗೆ ಜಗ್ಗಿದರೂ ಸರಿಯುವುದಿಲ್ಲವೋ ಹಾಗೆ ಆ ಸಾಲುಗಳೂ ಸರಿಯಲಾರವು. ಬಡಿದ ಲೋಹ ಗಟ್ಟಿಯಾಗುವುದು ಇದರಿಂದಲೇ. ಕಾಯಿಸಿ ತಣಿಸಿದ ತುಂಡಿನಲ್ಲಿ ಹಳೆಯ ಹರಳುಗಳೇ ಇರಲಿಲ್ಲ! ಅವುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟಿದ್ದವು. ಅಂಚು ಚೊಕ್ಕ, ಒಳಗೆ ನೇರವಾದ ಪಟ್ಟೆಗಳು. ಲೋಹ ಕರಗದೆ, ಗಟ್ಟಿಯಾಗಿದ್ದುಕೊಂಡೇ ತನ್ನ ಒಳಗನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಇಡೀ ಎಂ.ಎಸ್ಸಿ.ಯಲ್ಲಿ ಇಷ್ಟು ಸೋಜಿಗದ ಸಂಗತಿ ಇನ್ನೊಂದಿರಲಿಲ್ಲ.

ಆ ದಿನಗಳಲ್ಲಿ ಓದಿದ ಒಂದು ಪಾಠ ನಮ್ಮ ಮನೆಯ ಹಳೆಯ ಜಗಳವೊಂದನ್ನು ನೆನಪಿಗೆ ತಂದಿತು.

ನಮ್ಮದು ಮಲೆನಾಡಿನ ಊರು. ಅಜ್ಜಿ ತವರಿನಿಂದ ತಂದ ಒಂದು ದೊಡ್ಡ ಹಿತ್ತಾಳೆ ಬಿಂದಿಗೆ ಮನೆಯಲ್ಲಿತ್ತು. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಅದು ನಿತ್ಯದ ಬಳಕೆಯಿಂದ ಹೊರಗಾಯಿತು. ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಚಿಕ್ಕಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ದನದ ಕೊಟ್ಟಿಗೆಯ ಅಟ್ಟದಲ್ಲಿಟ್ಟರು. ಆಗ ಅವರು ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಗೌರಿ ಹಬ್ಬಕ್ಕೆಂದು ಕೆಳಗಿಳಿಸಿ ನೋಡಿದರೆ ಬಿಂದಿಗೆಯ ಕತ್ತಿನಿಂದ ಹೆಗಲಿನವರೆಗೆ ಒಂದು ಸೀಳು. ತಗ್ಗಿಲ್ಲ, ನಜ್ಜಿಲ್ಲ. ಬ್ಲೇಡಿನಿಂದ ಗೆರೆ ಎಳೆದಂತೆ ಬಿರಿದಿತ್ತು.

"ಎತ್ತಿ ಹಾಕಿದ್ದೀಯ" ಎಂದರು ಅಜ್ಜಿ.

"ಇಲ್ಲ ಅತ್ತೆ, ಇಟ್ಟ ಮೇಲೆ ನಾನು ಮುಟ್ಟೇ ಇಲ್ಲ."

"ಮುಟ್ಟದೆ ಹಿತ್ತಾಳೆ ಬಿರಿಯುತ್ತೇನೇ? ಅದೇನು ಮಣ್ಣಿನ ಮಡಕೆಯೇ?"

ಅಜ್ಜಿಯ ಮಾತಿಗೆ ಯಾರೂ ಎದುರಾಡಲಿಲ್ಲ. ಕಬ್ಬಿಣದ ಮೊಳೆಯನ್ನು ಮಳೆಯಲ್ಲಿ ಬಿಟ್ಟರೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಹಿತ್ತಾಳೆಗೆ ಬರುವುದು ಮೇಲಿನ ಹಸಿರು ಕಿಲುಬು ಅಷ್ಟೇ. ತಿಕ್ಕಿದರೆ ಮತ್ತೆ ಹೊಸದು. ತಲೆಮಾರುಗಟ್ಟಲೆ ಬಾಳುವ ಲೋಹ ತಾನಾಗಿ ಬಿರಿಯಿತೆಂದರೆ ಯಾರು ನಂಬುತ್ತಾರೆ? ಆಮೇಲೆ ವರ್ಷಗಟ್ಟಲೆ ಮನೆಯಲ್ಲಿ ಏನಾದರೂ ಒಡೆದರೆ ಸಾಕು, ಆ ಬಿಂದಿಗೆಯ ಮಾತು ಬರುತ್ತಿತ್ತು. ಚಿಕ್ಕಮ್ಮ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಬಿಂದಿಗೆ ಗುಜರಿಗೆ ಹೋಯಿತು, ಮಾತು ಮಾತ್ರ ಹೋಗಲಿಲ್ಲ.

ನಾನು ಓದಿದ ಪಾಠ ಯಾವುದೆಂದರೆ, ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೇನೆಯ ಬಂದೂಕಿನ ತೋಟಾಗಳದ್ದು. ತೋಟಾದ ಹೊರಕವಚವನ್ನು ಹಿತ್ತಾಳೆಯಿಂದ ಮಾಡುತ್ತಾರೆ. ನೂರು ಪಾಲಿನಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಮಳೆಗಾಲದಲ್ಲಿ ಸೇನೆಯ ಓಡಾಟ ಕಡಿಮೆ. ಆಗ ಈ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡಿಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ಕವಚಗಳು ತಾವಾಗಿ ಬಿರಿದಿರುತ್ತಿದ್ದವು. ಯಾರೂ ಮುಟ್ಟಿರಲಿಲ್ಲ! ಬಿರಿದ ತೋಟಾವನ್ನು ಬಂದೂಕಿಗೆ ಹಾಕಿದರೆ ಬೆಂಕಿಯಂಥ ಅನಿಲ ಹಿಂದಕ್ಕೆ ನುಗ್ಗಬಹುದು. ಸಿಪಾಯಿಯ ಕಣ್ಣು, ಕೈ, ಪ್ರಾಣದ ಪ್ರಶ್ನೆ. ಈ ಬಿರುಕಿಗೆ ಇಂಗ್ಲಿಷಿನಲ್ಲಿ ಸೀಸನ್ ಕ್ರ್ಯಾಕಿಂಗ್ ಎನ್ನುತ್ತಾರೆ. ನಾವು ಮಳೆಗಾಲದ ಬಿರುಕು ಎನ್ನೋಣ. ಇದಕ್ಕೆ ಸರಿಯಾದ ಕಾರಣವನ್ನು ಪ್ರಯೋಗಗಳಿಂದ ವಿವರಿಸಿದವರು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು, 1921ರಲ್ಲಿ.

ಕಾರಣ ಒಂದಲ್ಲ, ಎರಡು. ಎರಡೂ ಒಟ್ಟಿಗೆ ಸೇರಿದರೆ ಮಾತ್ರ ಅಪಾಯ.

ಮೊದಲನೆಯದು ಲಾಯದ ಗಾಳಿ. ಕುದುರೆಯ ಮೂತ್ರದಲ್ಲಿ, ದನದ ಗಂಜಲದಲ್ಲಿ ಯೂರಿಯಾ ಇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಅಮೋನಿಯ ಅನಿಲ ಹುಟ್ಟುತ್ತದೆ. ಮಳೆಗಾಲದ ಮುಂಜಾನೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರಿಸುವ ಘಾಟು ಅದೇ. ತೇವದ ಜೊತೆ ಸೇರಿದ ಅಮೋನಿಯ ತಾಮ್ರವನ್ನು ಕರಗಿಸಬಲ್ಲದು. ಕರಗುವುದು ಬಹಳ ಸ್ವಲ್ಪ. ಅಷ್ಟರಿಂದಲೇ ಬಿಂದಿಗೆ ತೂತಾಗುವುದಿಲ್ಲ.

ಎರಡನೆಯದು ಲೋಹದ ಒಳಗೇ ಅಡಗಿದೆ. ತೋಟಾ ಕವಚ ಮಾಡಲು ಹಿತ್ತಾಳೆಯ ಬಿಲ್ಲೆಯನ್ನು ತಣ್ಣಗಿರುವಾಗಲೇ ಒತ್ತಿ ಬಟ್ಟಲಾಗಿಸಿ, ಮತ್ತೆ ಮತ್ತೆ ಎಳೆದು ಉದ್ದದ ಕೊಳವೆ ಮಾಡುತ್ತಾರೆ. ಕೊನೆಗೆ ಬಾಯಿಯನ್ನು ಗುಂಡಿನ ಸುತ್ತ ಬಿಗಿಯುತ್ತಾರೆ. ಬಿಂದಿಗೆಯ ಕತ್ತನ್ನೂ ತಣ್ಣಗೆ ಬಡಿದೋ ಒತ್ತಿಯೋ ಕಿರಿದು ಮಾಡಿರುತ್ತಾರೆ. ಹೀಗೆ ಮಾಡುವಾಗ ಲೋಹದ ಒಂದು ಪದರ ಹೆಚ್ಚು ಹಿಗ್ಗಿ, ಇನ್ನೊಂದು ಕಡಿಮೆ ಹಿಗ್ಗಿ, ಒಂದನ್ನೊಂದು ಸದಾ ಜಗ್ಗುತ್ತಲೇ ಇರುತ್ತವೆ. ಹೊರಗಿನಿಂದ ಏನೂ ಕಾಣದು. ಮೂಲೆಯಲ್ಲಿ ಸುಮ್ಮನೆ ಕುಳಿತ ಬಿಂದಿಗೆಯ ಕತ್ತಿನಲ್ಲಿ ಹಗಲೂ ರಾತ್ರಿ ಒಂದು ಹಗ್ಗಜಗ್ಗಾಟ ನಡೆದೇ ಇರುತ್ತದೆ.

ಈಗ ಬದುವನ್ನು ನೆನಪು ಮಾಡಿಕೊಳ್ಳಿ. ಅಮೋನಿಯ ಬೇರೆಲ್ಲ ಕಡೆಗಿಂತ ಬೇಗ ಕೊರೆಯುವುದು ಈ ಬದುಗಳನ್ನು. ಒಂದು ಬದು ಸ್ವಲ್ಪ ಸಡಿಲವಾಗುತ್ತದೆ. ಒಳಗಿನ ಜಗ್ಗಾಟ ಆ ಸಂದನ್ನು ಬಾಯಿ ತೆರೆಸುತ್ತದೆ. ತೆರೆದ ಬಾಯಿಗೆ ತೇವ, ಅಮೋನಿಯ ನುಗ್ಗಿ ಮುಂದಿನ ಬದುವನ್ನು ಕೊರೆಯುತ್ತವೆ. ಮತ್ತೆ ಜಗ್ಗಾಟ, ಮತ್ತೆ ಬಿರುಕು. ಬದುವಿನಿಂದ ಬದುವಿಗೆ ಸಾಗುತ್ತ, ಹರಳುಗಳ ಗೊಡವೆಗೆ ಹೋಗದೆ, ಒಂದು ದಿನ ಬಿರುಕು ಆಚೆ ಬದಿಗೆ ತಲುಪುತ್ತದೆ. ಅಮೋನಿಯ ಮಾತ್ರ ಇದ್ದಿದ್ದರೆ ತುಸು ಕಿಲುಬು, ಜಗ್ಗಾಟ ಮಾತ್ರ ಇದ್ದಿದ್ದರೆ ಏನೂ ಇಲ್ಲ.

ಮಲೆನಾಡಿನ ಮಳೆ, ಕೊಟ್ಟಿಗೆಯ ಅಟ್ಟ, ತಣ್ಣಗೆ ಕಿರಿದು ಮಾಡಿದ ಕತ್ತು, ನಜ್ಜಿಲ್ಲದ ಸೀಳು. ಗುರುತುಗಳೆಲ್ಲ ಹೊಂದಿಕೊಂಡವು. ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮನಿಗೆ ಎಲ್ಲವನ್ನೂ ಹೇಳಿದೆ. ಹಾಳೆಯ ಮೇಲೆ ಗದ್ದೆ, ಬದು ಬರೆದು ತೋರಿಸಿದೆ. ಅವರು ಸೌಟು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. "ಹಂಗಾದರೆ ಅದು ನನ್ನ ಕೈಯಿಂದ ಆಗಿದ್ದಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಹೇಳೋದಾದರೂ ಯಾರಿಗೆ, ಅತ್ತೆಯೇ ಇಲ್ಲ" ಎಂದು ಒಲೆಯ ಕಡೆ ತಿರುಗಿದರು.

ತೋಟಾಗಳಿಗೆ ಏನು ಪರಿಹಾರ ಸಿಕ್ಕಿತು ಎಂದು ನೀವು ಕೇಳಬಹುದು. ಲಾಯದಿಂದ ದೂರ ಇಡುವುದು ಒಂದು ದಾರಿ. ಆದರೆ ಲೋಕದಲ್ಲಿ ಅಮೋನಿಯ ಇಲ್ಲದ ಜಾಗವನ್ನು ಎಲ್ಲೆಂದು ಹುಡುಕುವುದು? ನಿಜವಾದ ಪರಿಹಾರ ಕಾಯಿಸುವುದರಲ್ಲಿತ್ತು. ಆಕಾರ ಕೊಟ್ಟು ಮುಗಿದ ಮೇಲೆ ಹಿತ್ತಾಳೆಯನ್ನು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಒಳಗಿನ ಜಗ್ಗಾಟ ಸಡಿಲಗೊಳ್ಳುತ್ತದೆ. ಇಷ್ಟು ಕಾವಿಗೆ ಹೊಸ ಹರಳುಗಳು ಹುಟ್ಟುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲಿನಂತೆಯೇ ಕಾಣುತ್ತದೆ, ಬಡಿದ ಗಟ್ಟಿತನವೂ ಬಹುಮಟ್ಟಿಗೆ ಉಳಿಯುತ್ತದೆ. ಜಗ್ಗಾಟ ಮಾತ್ರ ಹೋಗಿರುತ್ತದೆ. ಇನ್ನೂ ಹೆಚ್ಚು, ಕೆಂಪಗೆ ಕಾಯಿಸಿದರೆ ಹೊಸ ಹರಳುಗಳು ಹುಟ್ಟಿ ಲೋಹ ಮೆತ್ತಗಾಗುತ್ತದೆ. ಅದಕ್ಕೂ ಮೀರಿ ಕಾಯಿಸುತ್ತಲೇ ಹೋದರೆ ದೊಡ್ಡ ಹರಳುಗಳು ಸಣ್ಣವನ್ನು ನುಂಗಿ ಬೆಳೆಯುತ್ತವೆ. ಅಂಥ ತಗಡನ್ನು ಒತ್ತಿ ಪಾತ್ರೆ ಮಾಡಿದರೆ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ. ಪಾಕಕ್ಕೆ ಹದ ಇರುವಂತೆ ಲೋಹಕ್ಕೂ ಹದ ಇದೆ. ಈ ಮಾತನ್ನು ನಮ್ಮ ಕಂಚುಗಾರರು, ಕಮ್ಮಾರರು ಮೊದಲಿನಿಂದಲೂ ಬಳಸುತ್ತ ಬಂದಿದ್ದಾರೆ. ಅವರ ಬಳಿ ಥರ್ಮಾಮೀಟರ್ ಇರಲಿಲ್ಲ. ಕೆಂಡದ ಬಣ್ಣ ನೋಡಿಯೇ ಹೇಳುತ್ತಿದ್ದರು.

ಮಳೆಗಾಲದ ಬಿರುಕು ಅಪರೂಪ. ನೀವು ದಿನವೂ ನೋಡಬಹುದಾದ ಇನ್ನೊಂದು ತೊಂದರೆ ನಲ್ಲಿಯಲ್ಲಿದೆ. ಹಳೆಯ ಹಿತ್ತಾಳೆ ನಲ್ಲಿಗಳಲ್ಲಿ ಕೆಲವೊಮ್ಮೆ ತಾಮ್ರದ ಬಣ್ಣದ ಕೆಂಪು ಮಚ್ಚೆಗಳು ಕಾಣುತ್ತವೆ. ಆ ಜಾಗದಲ್ಲಿ ಸತು ನೀರಿನಲ್ಲಿ ಕರಗಿ ಹೋಗಿ, ಸ್ಪಂಜಿನಂಥ ತಾಮ್ರ ಮಾತ್ರ ಉಳಿದಿರುತ್ತದೆ. ಆಕಾರ ಹಾಗೆಯೇ ಇರುತ್ತದೆ, ಬಲ ಇರುವುದಿಲ್ಲ. ನಲ್ಲಿಯ ಹಿತ್ತಾಳೆಯಲ್ಲಿ ಸತು ಸುಮಾರು 40 ಪಾಲು ಇರುವುದರಿಂದ ಒಳಗೆ ಎರಡು ಜಾತಿಯ ಹರಳುಗಳಿರುತ್ತವೆ. ಸತು ಹೆಚ್ಚಿರುವ ಜಾತಿ ಮೊದಲು ಬಲಿಯಾಗುತ್ತದೆ. ಅವು ಒಂದಕ್ಕೊಂದು ತಾಗಿಕೊಂಡು ಸರಪಳಿಯಂತಿದ್ದರೆ ಕೆಡುಕು ಒಳಗಿನವರೆಗೂ ಸಾಗುತ್ತದೆ. ಇದನ್ನು ತಡೆಯುವ ಹಿತ್ತಾಳೆಯಲ್ಲಿ ತಾಮ್ರವನ್ನು ತುಸು ಹೆಚ್ಚಿಸಿ, ಸಾವಿರ ಗ್ರಾಮಿಗೆ ಒಂದು ಗ್ರಾಮಿನಷ್ಟು ಆರ್ಸೆನಿಕ್ ಸೇರಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ನಲ್ಲಿಯ ಆಕಾರ ಕೊಟ್ಟ ಮೇಲೆ ಸುಮಾರು 500ರಿಂದ 550 ಡಿಗ್ರಿಯಲ್ಲಿ ಇಟ್ಟು ಕಾಯಿಸುತ್ತಾರೆ. ಆಗ ಸತು ಹೆಚ್ಚಿರುವ ಹರಳುಗಳು ಕರಗಿ ಇನ್ನೊಂದು ಜಾತಿಯಲ್ಲಿ ಸೇರಿಹೋಗುತ್ತವೆ, ಸರಪಳಿ ತುಂಡಾಗುತ್ತದೆ. ಆ ಕೊನೆಯ ಕಾಯಿಸುವಿಕೆ ತಪ್ಪಿದರೆ ಅದೇ ಬೆರಕೆಯ ನಲ್ಲಿ ಬೇಗ ಕೆಡುತ್ತದೆ.

ಕಂಚಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ದೊಡ್ಡ ಗಂಟಲಿನವರಿಗೆ 'ಕಂಚಿನ ಕಂಠ' ಎನ್ನುತ್ತೇವಲ್ಲ? ಹಾಗೆ ಠಣ್ ಎಂದು ದನಿ ಕೊಡುವ ಕಂಚಿನಲ್ಲಿ ತವರ ಹೆಚ್ಚು, 22-23 ಪಾಲಿನಷ್ಟು. ಹುಳಿ ಪದಾರ್ಥಕ್ಕೆ ಹಿತ್ತಾಳೆ ಪಾತ್ರೆಯಾದರೆ ಕಲಾಯಿ ಬೇಕು, ಕಂಚಿನ ಬಟ್ಟಲಿಗೆ ಬೇಡ. ಆದರೆ ಇಷ್ಟು ತವರವಿರುವ ಕಂಚನ್ನು ಕರಗಿಸಿ ನಿಧಾನವಾಗಿ ತಣಿಯಲು ಬಿಟ್ಟರೆ ಅದರೊಳಗೆ ಗಾಜಿನಂಥ ಪೆಡಸು ಹರಳುಗಳು ಬೆಳೆಯುತ್ತವೆ. ಬಟ್ಟಲು ಕೈಜಾರಿದರೆ ಚೂರು. ಅದಕ್ಕೆ ಕುಶಲಕರ್ಮಿಗಳು ಅದನ್ನು ಕೆಂಪಗೆ ಕಾದಿರುವಾಗಲೇ ಬಡಿದು ತೆಳುವಾಗಿಸುತ್ತಾರೆ, ಆ ಕಾವಿನಲ್ಲೇ ನೀರಿಗೆ ಅದ್ದುತ್ತಾರೆ. ತಟ್ಟನೆ ತಣಿದಾಗ ಪೆಡಸು ಹರಳುಗಳು ಹುಟ್ಟಲು ಸಮಯವೇ ಸಿಗುವುದಿಲ್ಲ. ಬದಲಿಗೆ ಸೂಜಿಯಂಥ ಬೇರೆ ರಚನೆ ಉಂಟಾಗುತ್ತದೆ, ಬಟ್ಟಲು ಹೆಚ್ಚು ತಾಳಿಕೆ ಪಡೆಯುತ್ತದೆ. ಕಮ್ಮಾರರ ಉಕ್ಕು ಇದಕ್ಕೆ ತೀರ ಉಲ್ಟಾ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಪೆಡಸಾಗುತ್ತದೆ!

ನೀಲಗಿರಿಯ ಪ್ರಾಚೀನ ಸಮಾಧಿಗಳಲ್ಲಿ ಸಿಕ್ಕ ತೆಳು ಕಂಚಿನ ಬಟ್ಟಲುಗಳಲ್ಲಿ ಇದೇ ಸೂಜಿ ರಚನೆ ಕಂಡುಬಂದಿದೆ. ಇವುಗಳನ್ನು ಅಧ್ಯಯನ ಮಾಡಿದವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಶಾರದಾ ಶ್ರೀನಿವಾಸನ್. ಕೇರಳದ ಕುಶಲಕರ್ಮಿಗಳು ಇಂಥ ಪಾತ್ರೆಗಳನ್ನು ಮಾಡುವ ಬಗೆಯನ್ನೂ ಅವರು ದಾಖಲಿಸಿದ್ದಾರೆ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಟ್ಟಲು ಮಾಡಿದವರ ಹೆಸರು ನಮಗೆ ಸಿಗದು. ಆದರೆ ಅವರು ಯಾವ ಕಾವಿನಲ್ಲಿ ಬಡಿದರು, ಹೇಗೆ ತಣಿಸಿದರು ಎಂಬುದನ್ನು ಬಟ್ಟಲಿನ ಒಳಗಿನ ಹರಳುಗಳಿಂದಲೇ ಓದಬಹುದು.

ನೀವೂ ಇದರಲ್ಲಿ ಒಂದಿಷ್ಟನ್ನು ಮಾಡಿ ನೋಡಬಹುದು. ಅಮೋನಿಯದ ಪ್ರಯೋಗ ಬೇಡ, ಅದು ಕಣ್ಣಿಗೆ, ಉಸಿರಿಗೆ ಕೆಟ್ಟದ್ದು. ಎಲೆಕ್ಟ್ರಿಷಿಯನ್ ಬಳಿ ಒಂದೇ ಎಳೆಯ ತಾಮ್ರದ ತಂತಿಯ ಚೂರುಗಳನ್ನು ಕೇಳಿ ತನ್ನಿ. ಮೇಲಿನ ಪ್ಲಾಸ್ಟಿಕ್ ಪೂರ್ತಿ ತೆಗೆಯಿರಿ. ಗೇಣುದ್ದದ ಆರು ತುಂಡು ಬೇಕು. ಮೂರನ್ನು ಒಂದೊಂದಾಗಿ ತೆಗೆದುಕೊಂಡು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಮಡಚಿ, ಎಷ್ಟನೆಯ ಮಡಿಕೆಗೆ ತುಂಡಾಯಿತು ಎಂದು ಎಣಿಸಿ ಬರೆಯಿರಿ. ಪ್ರತಿ ಮಡಿಕೆಗೂ ತಂತಿ ಹೆಚ್ಚು ಬಿಗಿಯಾಗುವುದು ಬೆರಳಿಗೇ ತಿಳಿಯುತ್ತದೆ. ಉಳಿದ ಮೂರನ್ನು ಆ ಸಂಖ್ಯೆಯ ಅರ್ಧದಷ್ಟು ಮಾತ್ರ ಮಡಚಿ ನಿಲ್ಲಿಸಿ. ಆಮೇಲೆ ನಿಮ್ಮ ಶಿಕ್ಷಕರ ಎದುರಿನಲ್ಲೇ, ಇಕ್ಕಳದಲ್ಲಿ ಹಿಡಿದು, ಸ್ಪಿರಿಟ್ ದೀಪದ ಮೇಲೆ ಮಡಚಿದ ಜಾಗವನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಿ. ತಾಮ್ರವನ್ನು ಹೀಗೆ ತಟ್ಟನೆ ತಣಿಸಿದರೂ ಅದು ಮೆತ್ತಗೇ ಇರುತ್ತದೆ. ಈಗ ಮತ್ತೆ ಎಣಿಸುತ್ತ ಮಡಚಿ. ಕಾಯಿಸುವ ಮೊದಲಿನ ಮಡಿಕೆ, ಆಮೇಲಿನ ಮಡಿಕೆ ಎರಡನ್ನೂ ಕೂಡಿಸಿ, ಮೊದಲ ಮೂರು ತಂತಿಗಳ ಲೆಕ್ಕದ ಪಕ್ಕದಲ್ಲಿ ಬರೆಯಿರಿ. ಕಾಯಿಸಿದ ಜಾಗ ಕಪ್ಪಾಗಿರುತ್ತದೆ. ಅದು ತಾಮ್ರದ ಆಕ್ಸೈಡ್. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ.